ಹಿಮಕ್ಕೆ ತಯಾರಾದ ಕಾರು ತೊಗರಿಗೆ ಸಿಕ್ಕಿಬಿದ್ದದ್ದು

ಇದು ಎರಡು ವರ್ಷದ ಹಿಂದಿನ ಮಾತು. ಎಳ್ಳು ಅಮಾವಾಸ್ಯೆಗೆ ಇನ್ನು ನಾಲ್ಕು ದಿನ ಇತ್ತು. ಅವತ್ತು ಕಲಬುರಗಿಯಲ್ಲಿ ನಮ್ಮ ಶಿಕ್ಷಕರ ವರ್ಗಾವಣೆಯ ಕೌನ್ಸೆಲಿಂಗ್ ಇಟ್ಟಿದ್ದರು. ಹನ್ನೊಂದು ವರ್ಷದಿಂದ ನಾನು ಚಿಂಚೋಳಿಯ ಆಚೆಗಿನ ಒಂದು ಹಳ್ಳಿಯ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಮನೆ ಇರುವುದು ಸೇಡಂನಲ್ಲಿ. ದಿನಾ ಬೆಳಿಗ್ಗೆ ಒಂದು ಬಸ್ಸು ಹತ್ತಿ ಚಿಂಚೋಳಿ, ಅಲ್ಲಿ ಕಾದು ಕಾದು ಇನ್ನೊಂದು ಬಸ್ಸು. ಸಂಜೆ ಅದೇ ದಾರಿ ವಾಪಸ್. ನನ್ನ ಮಗಳು ನಡೆಯಲು ಕಲಿತಿದ್ದನ್ನು, ಮೊದಲ ಹಲ್ಲು ಬಿದ್ದದ್ದನ್ನು ನನಗೆ ನಮ್ಮ ಅತ್ತೆ ಹೇಳಿಯೇ ಗೊತ್ತು.

ಆ ವರ್ಷ ಸೇಡಂ ಊರೊಳಗಿನ ಶಾಲೆಯಲ್ಲಿ ಗಣಿತಕ್ಕೆ ಒಂದೇ ಒಂದು ಹುದ್ದೆ ಖಾಲಿ ಇತ್ತು. ಪಟ್ಟಿಯಲ್ಲಿ ಅದನ್ನು ಕೇಳುವವರ ಪೈಕಿ ನನ್ನ ಹೆಸರೇ ಮೇಲಿತ್ತು. ಹೆಸರು ಕೂಗಿದಾಗ ಎದುರಿಗೆ ನಿಂತು ಸಹಿ ಹಾಕಿದರೆ ಸಾಕು, ಹುದ್ದೆ ನನ್ನದು. ಎದುರಿಗೆ ಇರದಿದ್ದರೆ ಮುಂದಿನವರ ಸರದಿ. ಇಷ್ಟು ಸುಲಭದ ಕೆಲಸ ಹೇಗೆ ಕೆಟ್ಟಿತು ಎಂದು ಹೇಳಬೇಕಾದರೆ ಮೊದಲು ಆ ಕಾರಿನ ಕಥೆ ಹೇಳಬೇಕು.

ನಮ್ಮ ಯಜಮಾನರು ಕೋಡ್ಲಾ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಫೋರ್ಮನ್. ಕುಡಿತ ಇಲ್ಲ, ಇಸ್ಪೀಟು ಇಲ್ಲ, ಒಬ್ಬರ ಉಸಾಬರಿಗೆ ಹೋಗುವವರಲ್ಲ. ಇಂಥ ಗಂಡ ಸಿಕ್ಕಿದ್ದು ನನ್ನ ಪುಣ್ಯ ಎಂದು ತವರಿನವರು ಹೇಳುತ್ತಿದ್ದರು. ನಲವತ್ತೆಂಟು ತುಂಬಿದ ವರ್ಷ ಆ ಪುಣ್ಯವಂತರು ಹೈದರಾಬಾದಿಗೆ ಹೋದವರು ಕೆಂಪು ಬಣ್ಣದ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದು ಮನೆ ಮುಂದೆ ನಿಲ್ಲಿಸಿದರು. ಎರಡೇ ಬಾಗಿಲು, ಎರಡೇ ಸೀಟು. ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಕೂತಿತ್ತು. ಓಣಿಯ ಮಂದಿಯೆಲ್ಲ ಬಂದು ನೋಡಿದರು. ನಮ್ಮ ಅತ್ತೆ ಕಾರಿನ ಸುತ್ತ ಒಂದು ಸುತ್ತು ಹಾಕಿ ಮಗನನ್ನು ಕೇಳಿದರು: "ಮನ್ಯಾಗ ನಾವು ನಾಕು ಮಂದಿ ಇದ್ದೀವಿ. ಇದರಾಗ ಇಬ್ಬರಿಗೇ ಜಾಗಾ ಅದ. ಉಳದಿಬ್ಬರು ಹಿಂದ ಓಡಿಕೋತ ಬರಬೇಕೇನಪಾ?"

"ಯವ್ವಾ, ಇದು ಸಣ್ಣಾಂವ ಇದ್ದಾಗಿಂದ ನನ್ನ ಆಸಿ," ಅಂದರು ಇವರು.

ಆಸೆ ಅಂದಮೇಲೆ ಏನು ಹೇಳುವುದು? ಸುಮ್ಮನಾದೆ. ಸುಮ್ಮನಾದದ್ದೇ ತಪ್ಪಾಯಿತು. ಕಾರು ಬಂದು ತಿಂಗಳಾಗುವಷ್ಟರಲ್ಲಿ ಇವರ ತಲೆಯಲ್ಲಿ ಮನಾಲಿ ಹೊಕ್ಕಿತು. ಚಳಿಗಾಲದ ರಜೆ ಹಾಕಿ ಮನಾಲಿಯ ತನಕ ಕಾರಿನಲ್ಲೇ ಹೋಗಿ ಹಿಮ ನೋಡಬೇಕಂತೆ. ಊಟ ಮಾಡುತ್ತ ಮೊಬೈಲಿನಲ್ಲಿ ಹೊರದೇಶದವರ ವಿಡಿಯೋ, ಮಲಗುವಾಗಲೂ ಅದೇ ವಿಡಿಯೋ. ಬಿಳಿ ಮೋರೆಯವನೊಬ್ಬ ಹಿಮದಲ್ಲಿ ನಿಂತು ಕಾರನ್ನು ಚಳಿಗಾಲಕ್ಕೆ ಹೇಗೆ ತಯಾರು ಮಾಡಬೇಕೆಂದು ಇಂಗ್ಲಿಷಿನಲ್ಲಿ ಹೇಳುವುದು, ಇವರು ಅದನ್ನು ನನ್ನ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ನಮ್ಮ ಸೇಡಂನ ಚಳಿ ಎಂದರೆ ಬೆಳಿಗ್ಗೆ ಒಂದು ಶಾಲು, ಹತ್ತು ಗಂಟೆಗೆ ಫ್ಯಾನು. ಅದಕ್ಕೆ ಇವರ ತಯಾರಿ ನೋಡಿ!

ಮೊದಲು ದಿಲ್ಲಿಯಿಂದ ಹಿಮದ ಟೈರು ಬಂದವು. ಅವುಗಳ ಮೇಲೆ ಬೆರಳು ಹೋಗುವಷ್ಟು ಆಳದ ಕಚ್ಚುಗಳು. ಆಮೇಲೆ ಮಂಜಿನಲ್ಲಿ ಕಾಣುವ ಹಳದಿ ಲೈಟು. ಆಮೇಲೆ ಒಂದು ಭಾರೀ ಡಬ್ಬಿ ಬಂತು, ತೆರೆದರೆ ಕಬ್ಬಿಣದ ಸರಪಳಿ. ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತುವುದಂತೆ. ಅತ್ತೆ ಅದನ್ನು ನೋಡಿ ಎಮ್ಮೆಗೆಂದು ತಿಳಿದು, "ಎಮ್ಮಿ ಯಾವಾಗ ತರ್ತಿ?" ಎಂದು ಸಂಭ್ರಮದಿಂದ ಕೇಳಿದರು. ಸೀಟಿನೊಳಗೆ ಬೆಚ್ಚಗಾಗುವ ಪ್ಯಾಡನ್ನು ಮಾತ್ರ ಇವರೇ ಎರಡು ಭಾನುವಾರ ಕೂತು ಜೋಡಿಸಿದರು. ಅದು ಒಂದು ದಿನವೂ ಬೆಚ್ಚಗಾಗಲಿಲ್ಲ. ಕಾರ್ಖಾನೆಯ ಅಷ್ಟು ದೊಡ್ಡ ಮೋಟರುಗಳನ್ನು ನೋಡಿಕೊಳ್ಳುವ ಮನುಷ್ಯನಿಗೆ ಒಂದು ಸೀಟು ಕಾಯಿಸಲು ಆಗಲಿಲ್ಲ.

ಕೊನೆಯದಾಗಿ ಹಿಮದ ನೀರು ಇಂಜಿನ್ನಿಗೆ ಸಿಡಿಯಬಾರದೆಂದು ಕಾರಿನ ಹೊಟ್ಟೆಯ ಕೆಳಗೆ ದಪ್ಪ ರಬ್ಬರ್ ಹಾಳೆ ಬಿಗಿಸಲು ಶಹಾಬಾದಿನ ಮೆಕ್ಯಾನಿಕ್ ರಶೀದ್ ಭಾಯಿ ಹತ್ತಿರ ಹೋದೆವು. ಅವರು ವಯಸ್ಸಾದವರು, ನೆಲಕ್ಕೆ ಹಾಸುವ ಫರಸಿ ಕಲ್ಲು ಹೊರುವ ಲಾರಿಗಳನ್ನು ರಿಪೇರಿ ಮಾಡುವವರು. ನಮ್ಮ ಕಾರನ್ನು ನೋಡಿ ನನ್ನ ಕಡೆ ತಿರುಗಿ, "ಮೇಡಂ, ನಮ್ಮ ಕಡಿ ಚಳಿಗಿ ಮನಷ್ಯಾಗೇ ಸ್ವೆಟರ್ ಬೇಕಾಗಲ್ಲ. ಸಾಹೇಬ್ರು ಗಾಡಿಗಿ ತೊಡಸ್ಲಿಕತ್ತಾರ," ಎಂದು ನಕ್ಕರು. ಆದರೆ ರಬ್ಬರ್ ಬಿಗಿಯುವಾಗ ನಗಲಿಲ್ಲ. "ಸಾಹೇಬ್ರ, ಮೊದಲೇ ಗಾಡಿ ನೆಲಕ್ಕ ಹತ್ತೇದ. ಈಗ ಇನ್ನೂ ಇಳೀತದ. ರಸ್ತಿ ಮ್ಯಾಲ ತೊಗರಿ ಹಾಸೋ ಸೀಜನ್ ಬಂತು. ಮನಾಲಿಗಿ ಹೋಗೋ ಮುಂದ ಹಾಕಸ್ರಿ, ಈಗ ಬ್ಯಾಡ್ರಿ."

ಇವರು ಕೇಳಬೇಕಲ್ಲ! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಹಾಕಿಸಿಕೊಂಡೇ ಬಂದರು.

ಕೌನ್ಸೆಲಿಂಗಿನ ಹಿಂದಿನ ದಿನ ನಾನು ಬೆಳಗಿನ ಬಸ್ಸಿಗೆ ಹೋಗುತ್ತೇನೆಂದು ಚೀಲ ಜೋಡಿಸಿ ಇಟ್ಟಿದ್ದೆ. "ಹನ್ನೊಂದು ವರ್ಷ ಬಸ್ಸಿನ್ಯಾಗೇ ಸತ್ತೀದಿ. ನಾಳೆ ಒಂದಿನ ರಾಣಿ ಹಂಗ ಬಾ. ನಾ ಬಿಡ್ತೀನಿ," ಅಂದರು ಇವರು. ಆ ಮಾತಿಗೆ ನಾನು ಕರಗಿದೆ. ಹೆಣ್ಣು ಜೀವ, ಏನು ಮಾಡುವುದು.

ಬೆಳಿಗ್ಗೆ ಆರೂವರೆಗೆ ಹೊರಟೆವು. ಸೇಡಂನಿಂದ ಕಲಬುರಗಿಗೆ ನೇರ ರಸ್ತೆ ಇದೆ, ಊರ ಮಂದಿಯೆಲ್ಲ ಅದರಲ್ಲೇ ಹೋಗುತ್ತಾರೆ. ಇವರು ಚಿತ್ತಾಪುರದ ಕಡೆ ತಿರುಗಿಸಿದರು. ನೇರ ರಸ್ತೆಯಲ್ಲಿ ಹಂಪುಗಳು ಜಾಸ್ತಿ, ಕಾರಿನ ಹೊಟ್ಟೆ ತಗಲುತ್ತದಂತೆ. ಅದಕ್ಕೆ ಚಿತ್ತಾಪುರ, ರಾವೂರ, ವಾಡಿ, ಶಹಾಬಾದ್ ಸುತ್ತಿ ಕಲಬುರಗಿಗೆ! ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅನ್ನುತ್ತಾರಲ್ಲ, ಹಾಗೆ. ಹೊರಗೆ ಮಂಜು, ಮಂಜಿನ ಜೊತೆ ಸಿಮೆಂಟಿನ ಧೂಳು. ಹಳದಿ ಲೈಟು ಹಾಕಿಕೊಂಡು, ಪ್ರತಿ ಗುಂಡಿಗೂ ನಿಲ್ಲಿಸಿ, ಇಳಿದು, ಬಗ್ಗಿ ನೋಡಿ, ಮತ್ತೆ ಹತ್ತಿ, ಚಿತ್ತಾಪುರ ಮುಟ್ಟುವಷ್ಟರಲ್ಲಿ ಎಂಟೂಕಾಲು. ನಮ್ಮನ್ನು ಎರಡು ಬಸ್ಸು, ಒಂದು ಟಂಟಂ ಆಟೋ, ಹಾಲಿನ ಕ್ಯಾನ್ ಕಟ್ಟಿಕೊಂಡ ಒಂದು ಲೂನಾ ಹಿಂದೆ ಹಾಕಿ ಹೋದವು. ಹತ್ತು ಗಂಟೆಗೆ ಹೆಸರು ಕೂಗಲು ಶುರು ಮಾಡುತ್ತಾರೆ.

ಚಿತ್ತಾಪುರ ದಾಟಿ, ರಾವೂರ ಇನ್ನೂ ಮುಂದಿರುವಾಗ ರಸ್ತೆಯ ಮೇಲೆ ತೊಗರಿ ಕಂಡಿತು. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಕೊಯ್ದ ತೊಗರಿ ಗಿಡಗಳನ್ನು ಡಾಂಬರಿನ ಮೇಲೆ ಹಾಸಿಬಿಡುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರು ಅದರ ಮೇಲೆ ಓಡಾಡಿದರೆ ಕಾಯಿ ಒಡೆದು ಕಾಳು ಉದುರುತ್ತದೆ. ಬೇಡವೆಂದು ಪೊಲೀಸರು ಹೇಳುತ್ತಲೇ ಇರುತ್ತಾರೆ, ರೈತರು ಹಾಸುತ್ತಲೇ ಇರುತ್ತಾರೆ. ಅವತ್ತು ರಸ್ತೆಯ ಅಗಲಕ್ಕೂ, ಮೊಣಕಾಲೆತ್ತರಕ್ಕೆ ಹಾಸಿದ್ದರು. ಒಂದು ಕಡೆ ಖಣಿಯಿಂದ ತಂದು ಸುರಿದ ಕಲ್ಲಿನ ಗುಡ್ಡೆ, ಇನ್ನೊಂದು ಕಡೆ ತಗ್ಗು. ಬದಿಗೆ ಸರಿಯಲು ಜಾಗವಿಲ್ಲ.

ಇವರು ಕಾರು ನಿಲ್ಲಿಸಿದರು. ತಲೆಗೆ ಟವೆಲ್ಲು ಸುತ್ತಿದ ಒಬ್ಬ ಮುದುಕಿ ಮೊರ ಹಿಡಿದು ನಿಂತಿದ್ದಳು, ಅವಳ ಮಗ ಸೊಸೆ ಗಿಡ ಹರವುತ್ತಿದ್ದರು. ಇವರು ಕಿಟಕಿಯಿಂದ ತಲೆ ಹಾಕಿ, "ಯಮ್ಮಾ, ಒಂದೀಟು ಸರಸ್ರಿ. ನನ್ನ ಗಾಡಿ ಹಾಯಂಗಿಲ್ಲ," ಅಂದರು.

ಮುದುಕಿ ಕಾರನ್ನು ಮೇಲಿಂದ ಕೆಳಗೆ ನೋಡಿದಳು. ಮೇಲಿಂದ ಕೆಳಗೆ ನೋಡಲು ಬಹಳ ಹೊತ್ತೇನೂ ಬೇಕಾಗಲಿಲ್ಲ. "ಬಸ್ ಹಾಯ್ತಾವ, ಲಾರಿ ಹಾಯ್ತಾವ. ನಿಮ್ಮ ಗಾಡಿಗಿ ಏನ್ ಧಾಡಿ ಆಗೇದ್ರಿ? ಸರಸ್ಬೇಕಂದ್ರ ತಾಸು ಹಿಡೀತದ. ಕುಂದ್ರಿ ಹಂಗಾದ್ರ."

ಒಂದು ತಾಸು! ನಾನು ಕೈಗಡಿಯಾರ ನೋಡಿದೆ. ಎಂಟೂ ಮುಕ್ಕಾಲು. ಇವರು, "ವಾಪಸ್ ಚಿತ್ತಾಪುರಕ್ಕ ಹೋಗಿ ನಿನ್ನ ಬಸ್ ಹತ್ತಸ್ತೀನಿ. ಇದರ ಮ್ಯಾಲ ಹಾಯ್ಸೋದು ಬ್ಯಾಡ. ರಶೀದ್ ಭಾಯಿ ಹೇಳಿದ್ದ," ಅಂದರು.

ಆಗ ನನ್ನ ತಾಳ್ಮೆಯ ಕಟ್ಟೆಯೊಡೆಯಿತು. ತಿಂಗಳುಗಟ್ಟಲೆ ನುಂಗಿಕೊಂಡದ್ದೆಲ್ಲ ಒಮ್ಮೆಗೇ ಹೊರಗೆ ಬಂತು. "ಹಿಮದಾಗ ಹೋಗ್ತದ ಅಂದ್ರಿ, ಮನಾಲಿಗಿ ಹೋಗ್ತದ ಅಂದ್ರಿ, ಒಂದೀಟು ತೊಗರಿ ಹಾಯಂಗಿಲ್ಲೇನ್ರಿ ನಿಮ್ಮ ಗಾಡಿ? ನನ್ನ ಹನ್ನೊಂದು ವರ್ಷ ನಿಮಗ ಆಟ ಆಗೇದ. ಸುಮ್ನ ಹಾಯಸ್ರಿ. ಹಾಯಸ್ತೀರೋ, ಇಳದು ನಡಕೋತ ಹೋಗ್ಲೋ?"

ಇವರು ನನ್ನ ಮುಖ ನೋಡಿದರು. ಗೇರು ಹಾಕಿ ಹಾಯಿಸಿದರು.

ಮೊದಲು ಚರಚರ ಎಂದು ಸದ್ದಾಯಿತು. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಕಾರು ಭಾರವಾಯಿತು. ಹೊಟ್ಟೆಯ ಕೆಳಗಿನ ರಬ್ಬರ್ ಹಾಳೆ ಗಿಡಗಳನ್ನು ಬಾಚಿ ಬಾಚಿ ಒಳಗೆ ತುಂಬಿಕೊಳ್ಳುತ್ತಿತ್ತು. ಹಿಮದ ಟೈರಿನ ಕಚ್ಚುಗಳಿಗೆ ಕಡ್ಡಿಗಳು ಸುತ್ತಿಕೊಂಡವು. ರಾಶಿಯ ನಟ್ಟನಡುವೆ ಕಾರು ನಿಂತೇಬಿಟ್ಟಿತು. ಇವರು ಇಂಜಿನ್ ರೊಂಯ್ಯೆನಿಸಿದರು. ಮುಂದಕ್ಕಿಲ್ಲ, ಹಿಂದಕ್ಕಿಲ್ಲ. ಮತ್ತೆ ರೊಂಯ್ಯೆನಿಸಿದರು.

ಅಷ್ಟರಲ್ಲಿ ನನ್ನ ಸೀಟು ಬೆಚ್ಚಗಾಯಿತು. ನಿಜ ಹೇಳುತ್ತೇನೆ, ಆ ಚಳಿಯಲ್ಲಿ ಒಂದು ಕ್ಷಣ ಹಿತವಾಗಿತ್ತು. "ರೀ, ಸೀಟು ಬಿಸಿ ಆಗ್ಲಿಕತ್ತದ," ಅಂದೆ. ಇವರ ಮುಖ ಅರಳಿತು. "ಆತಾ? ನೋಡು, ವೈರಿಂಗ್ ಬರೋಬ್ಬರಿನೇ ಇತ್ತು!" ಅಂದರು. ಅಂದವರು ಸ್ವಿಚ್ಚಿನ ಕಡೆ ನೋಡಿದರು. ಸ್ವಿಚ್ಚು ಹಾಕಿರಲೇ ಇಲ್ಲ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೊರಗಿನಿಂದ ಮುದುಕಿ ಕೂಗಿದಳು: "ಹೊಗಿ ಬರ್ಲಿಕತ್ತದ! ಇಳೀರ್ರೀ, ಇಳೀರ್ರೀ!"

ಬಿಸಿ ಸೈಲೆನ್ಸರಿಗೂ ರಬ್ಬರಿಗೂ ನಡುವೆ ತುಂಬಿಕೊಂಡ ಒಣಗಿದ ತೊಗರಿ ಹೊತ್ತಿಕೊಂಡಿತ್ತು. ಇವರು ತಮ್ಮ ಬಾಗಿಲು ತೆಗೆದು ಹೊರಗೆ ಬಿದ್ದರು. ನನ್ನ ಬಾಗಿಲು ತೆರೆಯಲಿಲ್ಲ. ಗಿಡಗಳು ಅತ್ತ ಕಡೆ ಒತ್ತಿಕೊಂಡು ಗೋಡೆಯಾಗಿದ್ದವು. ಬೆಲ್ಟು ಬಿಚ್ಚಲು ಹೋದರೆ ಎಷ್ಟು ಒತ್ತಿದರೂ ಬಿಚ್ಚುತ್ತಿಲ್ಲ, ತೊಡೆಯ ಮೇಲೆ ಸರ್ಟಿಫಿಕೇಟಿನ ಫೈಲು. ಕಾಲ ಕೆಳಗಿನಿಂದ ಹೊಗೆ ಬಂತು. ರಬ್ಬರ್ ಸುಟ್ಟ ವಾಸನೆಗೆ ಉಸಿರು ಕಟ್ಟಿತು. ಬಾಯಲ್ಲಿ ಮಗಳ ಹೆಸರು ಬಂತು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ ಹೊರಗೆ ಯಾರೋ ಎರಡೂ ಕೈಯಿಂದ ಗಿಡಗಳನ್ನು ಕಿತ್ತು ಕಿತ್ತು ಎಸೆಯುತ್ತಿರುವುದು ಕಂಡಿತು. ಆ ಮುದುಕಿ! ಬಾಗಿಲು ಒಂದು ಗೇಣು ತೆರೆಯಿತು, ಆಮೇಲೆ ಎರಡು ಗೇಣು. ಇವರು ಇನ್ನೊಂದು ಬಾಗಿಲಿನಿಂದ ಒಳಗೆ ಬಗ್ಗಿ ಬೆಲ್ಟು ಬಿಚ್ಚಿದರು. ಮುದುಕಿ ನನ್ನ ರಟ್ಟೆ ಹಿಡಿದು, "ಬಾರ್ಲೇ ತಂಗಿ, ಫೈಲ್ ಒಗಿ ಅತ್ತಾಗ!" ಎಂದು ಗದರಿ ಎಳೆದಳು. ನಾನು ಫೈಲಿನ ಸಮೇತ ತೊಗರಿಯ ಮೇಲೆ ಬೋರಲಾಗಿ ಬಿದ್ದೆ. ಅವಳು ಅಲ್ಲಿಗೂ ಬಿಡಲಿಲ್ಲ. ಕಲ್ಲಿನ ಗುಡ್ಡೆಯ ತನಕ ದರದರ ಎಳೆದುಕೊಂಡು ಹೋಗಿ ಕೂರಿಸಿದಳು.

ಆಮೇಲೆ ನಾನು ತಿರುಗಿ ನೋಡಿದೆ. ಬೆಂಕಿ ಕಾರಿನ ಕೆಳಗಿನಿಂದ ಹಾಸಿದ ತೊಗರಿಗೆ ಹಬ್ಬುತ್ತಿತ್ತು. ಮಗ ಭೀಮರಾಯ ಕುಡಿಯುವ ನೀರಿನ ಡ್ರಮ್ಮನ್ನು ಉರುಳಿಸಿಕೊಂಡು ಬಂದ. ಸೊಸೆ ಗೋಣಿಚೀಲ ತೋಯಿಸಿ ಬಡಿಯುತ್ತಿದ್ದಳು. ಇವರು ಶರ್ಟು ಬಿಚ್ಚಿ ಅದರಿಂದಲೇ ಬಡಿಯುತ್ತಿದ್ದರು. ಕಾರು ಅಲ್ಲೇ ಇದ್ದರೆ ರಾಶಿಯೆಲ್ಲ ಸುಟ್ಟುಹೋಗುತ್ತದೆಂದು ಭೀಮರಾಯ ಟ್ರ್ಯಾಕ್ಟರ್ ತಂದ. "ಹಗ್ಗಾ ಸುಡ್ತದರೀ, ಏನರೆ ಕಬ್ಬಿಣದ್ದು ಅದೇನು?" ಎಂದು ಕೂಗಿದ.

ಇವರು ಡಿಕ್ಕಿಯಿಂದ ಹಿಮದ ಸರಪಳಿ ತೆಗೆದರು. ಅಷ್ಟು ಸಾಮಾನಿನಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ. ಸರಪಳಿ ಬಿಗಿದು ಟ್ರ್ಯಾಕ್ಟರಿನಿಂದ ಕಾರನ್ನು ರಾಶಿಯ ಹೊರಗೆ ಎಳೆದು ಹಾಕಿದರು. ಡ್ರಮ್ಮಿನಲ್ಲಿ ಉಳಿದ ನೀರು ಸುರಿದು ಬೆಂಕಿ ಆರಿಸಿದರು. ಆದರೆ ಅಷ್ಟರಲ್ಲಿ ಕಾಲುಭಾಗ ತೊಗರಿ ಕರ್ರಗಾಗಿತ್ತು.

ನಾನು ನನ್ನ ಶಾಲೆ, ನನ್ನ ಕೌನ್ಸೆಲಿಂಗ್ ಎಂದು ಬಡಬಡಿಸುತ್ತ ಅಳುತ್ತಿದ್ದೆ. ಮುದುಕಿ ಬಂದು ಪಕ್ಕದಲ್ಲಿ ಕೂತಳು. ಹೆಸರು ನಿಂಗಮ್ಮ. ಅವಳ ಅಂಗೈಯೆಲ್ಲ ಕಡ್ಡಿ ಗೀರಿ ರಕ್ತ. "ಆಯಿ, ನಿಮ್ಮ ರಾಶಿ ಸುಡ್ಲಿಕತ್ತಿತ್ತು. ಅದನ್ನ ಬಿಟ್ಟು ನನ್ನ ಕಡಿ ಯಾಕ ಬಂದ್ರಿ?" ಅಂದೆ.

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. "ಕಲಸೋ ಮೇಡಂ ಅಂತಿ, ಇಷ್ಟೂ ತಿಳಿಯಂಗಿಲ್ಲೇನು? ತೊಗರಿ ಮುಂದಿನ ವರ್ಷ ಬಿತ್ತಿದ್ರ ಮತ್ತ ಬರ್ತದ. ನಿನ್ನ ಬಿತ್ತಲಿಕ್ಕ ಬರ್ತದೇನು?"

ಭೀಮರಾಯ ಸಿಟ್ಟಿನಲ್ಲಿದ್ದ. ಇರಲೇಬೇಕಲ್ಲ. "ಯಾರ್ರೀ ಹಾಯ್ಸು ಅಂದೋರು? ನಮ್ಮವ್ವ ಕುಂದ್ರಿ ಅಂದಿಲ್ಲೇನು?" ಎಂದು ಇವರ ಮೈಮೇಲೆ ಬಂದ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಇವರು, ಮೈಮೇಲೆ ಬನಿಯನ್ನು, ಮುಖದ ಮೇಲೆ ಮಸಿ, ಕೈ ಮುಗಿದು ಹೇಳಿದರು: "ತಪ್ಪು ನಂದಪಾ. ಆಕಿ ಬ್ಯಾಡ ಅಂದ್ಳು. ನಾನೇ ಕೇಳದೆ ಹಾಯ್ಸಿದೆ."

ನನ್ನ ಬಾಯಿ ತೆರೆದದ್ದು ಹಾಗೇ ಮುಚ್ಚಿತು.

ನಿಂಗಮ್ಮ ಫರಸಿ ಕಲ್ಲಿನ ಒಂದು ಲಾರಿಯನ್ನು ಕೈಯಡ್ಡ ಹಾಕಿ ನಿಲ್ಲಿಸಿ, ನನ್ನನ್ನು ಡ್ರೈವರನ ಪಕ್ಕ ಹತ್ತಿಸಿದಳು. ಶಹಾಬಾದಿನಲ್ಲಿ ಇಳಿದು ಬಸ್ಸು ಹಿಡಿದೆ. ತಲೆಯಲ್ಲಿ ತೊಗರಿ ಎಲೆ, ಸೀರೆಗೆ ಮಸಿ. ಬಸ್ಸಿನಲ್ಲಿ ಪಕ್ಕದವಳು ಮೂಗು ಮುಚ್ಚಿಕೊಂಡು ಸರಿದು ಕೂತಳು. ಕೌನ್ಸೆಲಿಂಗ್ ಹಾಲಿಗೆ ಓಡಿಹೋದಾಗ ಹನ್ನೊಂದೂವರೆ. ನನ್ನ ಹೆಸರು ಮೂರು ಸಲ ಕೂಗಿ ಮುಂದೆ ಹೋಗಿದ್ದರು. ಸೇಡಂ ಹುದ್ದೆಯನ್ನು ನನ್ನ ನಂತರದ ನಂಬರಿನವರು ತೆಗೆದುಕೊಂಡಾಗಿತ್ತು. ತಪ್ಪಿಸಿಕೊಂಡವರನ್ನು ಕೊನೆಗೆ ಕರೆದಾಗ ಉಳಿದಿದ್ದರಲ್ಲಿ ಆಡಕಿಯ ಶಾಲೆ ಸಿಕ್ಕಿತು. ಸೇಡಂ ಅಲ್ಲ, ಆದರೆ ಎರಡು ಬಸ್ಸಿನ ಬದಲು ಒಂದು ಬಸ್ಸು. ಅಷ್ಟಕ್ಕೆ ಸಮಾಧಾನ ಮಾಡಿಕೊಂಡೆ.

ಇವರು ಎರಡು ದಿನ ರಜೆ ಹಾಕಿ ನಿಂಗಮ್ಮನ ಹೊಲಕ್ಕೆ ಹೋಗಿ ಉಳಿದ ತೊಗರಿಯನ್ನು ಕೋಲಿನಿಂದ ಬಡಿದು ಕಾಳು ಮಾಡಿಕೊಟ್ಟು ಬಂದರು. ಅಂಗೈ ತುಂಬ ಬೊಕ್ಕೆ. ಎಳ್ಳು ಅಮಾವಾಸ್ಯೆಯ ದಿನ ಇಬ್ಬರೂ ಬಸ್ಸಿನಲ್ಲಿ ಹೋದೆವು. ಅವರ ಹೊಲದಲ್ಲಿ ಕೂತು ಸಜ್ಜೆ ಕಡಬು, ಭಜ್ಜಿ ಪಲ್ಯ ಉಂಡೆವು. ನಿಂಗಮ್ಮ ಇವರಿಗೆ ಎರಡೆರಡು ಸಲ ಬಡಿಸಿದಳು. "ವರ್ಷಾ ಬರ್ರಿ. ಆ ಗಾಡಿ ಮಾತ್ರ ತರಬ್ಯಾಡ್ರಿ," ಅಂದಳು.

ಕಾರು ಈಗಲೂ ನಮ್ಮ ಅಂಗಳದಲ್ಲಿದೆ. ವೈರಿಂಗ್ ಸುಟ್ಟಿದೆ, ಓಡುವುದಿಲ್ಲ. ಅತ್ತೆ ಅದರ ಬಾನೆಟ್ಟಿನ ಮೇಲೆ ಸಂಡಿಗೆ ಒಣಗಿಸುತ್ತಾರೆ, ಎತ್ತರ ಸರಿಯಾಗಿದೆಯಂತೆ. ಮನಾಲಿಗೆ ಹೊರಟದ್ದು ರಾವೂರ ಮುಟ್ಟಲಿಲ್ಲ ಎಂದು ಓಣಿಯವರು, ನೆಂಟರು, ಇವರ ಕಾರ್ಖಾನೆಯವರು ಎಲ್ಲ ಇವರನ್ನು ಕಾಡಿಸುತ್ತಾರೆ. "ಹೆಂಡ್ತಿ ಮಾತು ಕೇಳಿದ್ರ ಆಕಿಗಿ ಸೇಡಂ ಸಿಕ್ತಿತ್ತು" ಎಂದು ನನ್ನ ಅಣ್ಣ ಮನೆಗೆ ಬಂದಾಗಲೆಲ್ಲ ಹೇಳುತ್ತಾನೆ. ಇವರು ತಲೆ ತಗ್ಗಿಸಿ ನಗುತ್ತಾರೆ. ನಾನೂ ಸಿಟ್ಟು ಬಂದಾಗ, "ನಿಮ್ಮ ಕಾರಿನಿಂದ ನನ್ನ ಹುದ್ದೆ ಹೋಯ್ತು" ಎಂದು ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ.

ಹಾಗೆ ಅಂದಾಗಲೂ ಇವರು ಒಂದು ಸಲವಾದರೂ, ನಾವಿಬ್ಬರೇ ಇದ್ದಾಗಲಾದರೂ, "ಹಾಯಸ್ರಿ ಅಂದಾಕಿ ನೀನೇ ಅಲ್ಲೇನು?" ಎಂದು ಕೇಳಲಿಲ್ಲ. ಹಿಂದಕ್ಕೆ ತಿರುಗಿಸಿ ಬಸ್ಸು ಹತ್ತಿಸುತ್ತೇನೆ ಅಂದವರು ಅವರು. ಆ ಮಾತು ಕೇಳಿದ್ದರೆ ನಿಂಗಮ್ಮನ ತೊಗರಿ ಸುಡುತ್ತಿರಲಿಲ್ಲ, ಬಹುಶಃ ನನ್ನ ಹೆಸರು ಕೂಗಿದಾಗ ನಾನು ಅಲ್ಲೇ ಇರುತ್ತಿದ್ದೆ. ಇದನ್ನು ಅತ್ತೆಗೆ ಹೇಳಿಲ್ಲ, ಅಣ್ಣನಿಗೆ ಹೇಳಿಲ್ಲ. ನಾನು ಆಯಿ ಅಂತ ಕರೆಯುವ ನಿಂಗಮ್ಮನಿಗೂ ಹೇಳಲು ನನಗೆ ಬಾಯಿ ಬರಲಿಲ್ಲ.

ನಾನು ಇದನ್ನು ಬರೆದು ಕಳಿಸುತ್ತಿರುವ ಈ ಪತ್ರಿಕೆಯನ್ನು ನಮ್ಮ ಮನೆಯಲ್ಲಿ ಮೊದಲು ಓದುವವರು ಅತ್ತೆ. ಓದಿ ಕೂಗಿ ಕರೆಯುತ್ತಾರೆ, ಗೊತ್ತು. ಕರೆಯಲಿ. ಈ ಸಲ ತಲೆ ತಗ್ಗಿಸುವ ಸರದಿ ನನ್ನದು.